ಏಪ್ರಿಕಾಟ್ ಬೇಯಿಸಿದರೆ ಹುಳಿಯಾಗುವುದೇಕೆ? ಅರ್ಧ ಗಂಟೆಯಲ್ಲಿ ಏನೇನು ಮಾಡಬಹುದು?

ಪ್ರಶ್ನೆ: ಸುಮಾರು ಒಂದೂವರೆ ಕಿಲೋ ತಾಜಾ ಏಪ್ರಿಕಾಟ್ ಮನೆಗೆ ಬಂದಿದೆ. ಕೆಲವು ಕಲ್ಲಿನಂತೆ ಗಟ್ಟಿ, ಕೆಲವು ಬೆರಳು ತಾಗಿದರೆ ಕುಸಿಯುವಷ್ಟು ಮೆತ್ತಗೆ. ಹಾಗೆಯೇ ತಿಂದರೆ ಸಪ್ಪೆ ಎನಿಸುತ್ತದೆ. ಸಕ್ಕರೆ ಹಾಕಿ ಬೇಯಿಸಿದೆ. ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಯಿತು, ಹಣ್ಣೆಲ್ಲ ಕರಗಿ ಗಂಜಿಯಂತಾಯಿತು. ಸಂಜೆ ಅಡುಗೆಗೆ ನನಗೆ ಸಿಗುವುದೇ ಅರ್ಧ ಗಂಟೆ, ಕೆಲವು ದಿನ ಅದೂ ಇಲ್ಲ. ಬೇಗ ಆಗುವ, ಸುಲಭವಾದ ವಿಧಾನಗಳನ್ನು ತಿಳಿಸುವಿರಾ? ಗೊರಟಿನೊಳಗಿನ ಬೀಜವನ್ನು ಬಾದಾಮಿಯಂತೆ ಬಳಸಬಹುದೇ?

ಉತ್ತರ: ಗಟ್ಟಿ ಹಣ್ಣು, ಮೆತ್ತಗಿನ ಹಣ್ಣು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಬೇಯಿಸಿದ್ದೀರಿ ಎಂದು ನಿಮ್ಮ ಮಾತಿನಿಂದ ಊಹಿಸುತ್ತೇನೆ. ಏಪ್ರಿಕಾಟ್ ಕೆಡುವುದು ಹೆಚ್ಚಾಗಿ ಅಲ್ಲಿಯೇ. ಈ ಹಣ್ಣಿಗೆ ಬೇಕಾದ ಪದಾರ್ಥಗಳು ಬಹಳ ಕಡಿಮೆ, ಬೇಕಾದ ಸಮಯ ಅದಕ್ಕಿಂತ ಕಡಿಮೆ. ಆದರೆ ಯಾವ ಹದದ ಹಣ್ಣು ಯಾವ ಕೆಲಸಕ್ಕೆ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಆದ್ದರಿಂದ ಒಲೆ ಹಚ್ಚುವ ಮೊದಲು ಎರಡು ನಿಮಿಷ ಕುಳಿತು ಹಣ್ಣುಗಳನ್ನು ಮೂರು ಗುಂಪು ಮಾಡಿ.

ತೊಟ್ಟಿನ ಪಕ್ಕದಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಬೆರಳಿಗೆ ಜಗ್ಗದೆ, ಮೂಗಿಗೆ ಹಿಡಿದರೆ ಏನೂ ವಾಸನೆ ಬಾರದಿದ್ದರೆ ಅದು ದೋರೆಗಾಯಿ. ಸ್ವಲ್ಪ ಬಾಗಿ ಮತ್ತೆ ತನ್ನ ಆಕಾರಕ್ಕೆ ಬಂದರೆ, ಜೇನಿನಂಥ ಕಂಪು ಸಣ್ಣಗೆ ಬರುತ್ತಿದ್ದರೆ, ಅದು ಅಡುಗೆಗೆ ಹೇಳಿ ಮಾಡಿಸಿದ ಹದ. ಒತ್ತಿದ ಕಡೆ ಗುಳಿ ಹಾಗೆಯೇ ಉಳಿದರೆ ಕಳಿತಿದೆ ಎಂದರ್ಥ. ಅದನ್ನು ಇಂದೇ ಮುಗಿಸಬೇಕು.

ದೋರೆಗಾಯಿಗಳನ್ನು ಇಟ್ಟರೆ ಸಿಹಿಯಾಗುತ್ತವೆ ಎಂದು ಹಲವರು ಕಾಯುತ್ತಾರೆ. ಕಾದರೆ ಮೆತ್ತಗಾಗುತ್ತವೆ, ಬಣ್ಣ ಬರುತ್ತದೆ, ಪರಿಮಳವೂ ಸ್ವಲ್ಪ ಹೆಚ್ಚುತ್ತದೆ. ಆದರೆ ಸಿಹಿ ಹೆಚ್ಚುವುದಿಲ್ಲ. ಬಾಳೆಹಣ್ಣಿನಲ್ಲಿ ಕೂಡಿಟ್ಟ ಪಿಷ್ಟವಿರುತ್ತದೆ. ಕಿತ್ತ ಮೇಲೂ ಅದು ಸಕ್ಕರೆಯಾಗಿ ಬದಲಾಗುತ್ತದೆ. ಏಪ್ರಿಕಾಟ್‌ನಲ್ಲಿ ಅಂಥ ದಾಸ್ತಾನು ಇಲ್ಲ. ಮರದಲ್ಲಿರುವಾಗ ಸೇರಿದ ಸಕ್ಕರೆ ಎಷ್ಟೋ ಅಷ್ಟೇ: ನೂರು ಗ್ರಾಂ ಹಣ್ಣಿನಲ್ಲಿ ಸುಮಾರು 9 ಗ್ರಾಂ. ಬಹುಪಾಲು, ಅಂದರೆ ಸುಮಾರು 86 ಗ್ರಾಂ, ನೀರು. ಹಾಗಾಗಿ ಸಪ್ಪೆ ಎನಿಸುವ ಹಣ್ಣನ್ನು ಮುಂದಿಟ್ಟುಕೊಂಡು ಕಾಯುವುದು ವ್ಯರ್ಥ. ಅದನ್ನು ಒಲೆಗೇರಿಸಿ. ಬಿಸಿ ತಗುಲಿದಾಗ ನೀರು ಇಳಿದು ರುಚಿ ಗಟ್ಟಿಯಾಗುತ್ತದೆ, ಹಸಿಯಾಗಿದ್ದಾಗ ಅಡಗಿದ್ದ ಹುಳಿ ಹೊರಬರುತ್ತದೆ. ಸಪ್ಪೆ ಏಪ್ರಿಕಾಟನ್ನು ಹತ್ತು ನಿಮಿಷದ ಬಿಸಿ ಬದಲಾಯಿಸುವ ಪರಿ ನನಗೆ ಇಂದಿಗೂ ಬೆರಗು ತರುತ್ತದೆ.

ನೀವು ಕಂಡ ಹುಳಿಗೂ ಕಾರಣ ಅದೇ. ಹಸಿ ಹಣ್ಣಿನಲ್ಲಿ ಹುಳಿಯ ಅಂಶ ತಿರುಳಿನ ಕೋಶಗಳ ಒಳಗೆ ಮತ್ತು ಸಿಪ್ಪೆಯಲ್ಲಿ ಬಂದಿಯಾಗಿರುತ್ತದೆ. ಬೇಯುವಾಗ ಕೋಶದ ಗೋಡೆಗಳು ಒಡೆದು ಅದು ರಸಕ್ಕೆ ಇಳಿಯುತ್ತದೆ. ಅದೇ ಹೊತ್ತಿನಲ್ಲಿ, ನಾಲಿಗೆಗೆ ಸಿಹಿಯ ಭ್ರಮೆ ಕೊಡುತ್ತಿದ್ದ ನವಿರಾದ ಪರಿಮಳ ಹಬೆಯ ಜೊತೆ ಹೊರಟುಹೋಗುತ್ತದೆ. ಸಕ್ಕರೆಯ ಪ್ರಮಾಣ ಹಾಗೆಯೇ ಇದ್ದರೂ ಹುಳಿ ಮೇಲುಗೈ ಸಾಧಿಸುತ್ತದೆ. ಇದಕ್ಕೆ ಮತ್ತಷ್ಟು ಸಕ್ಕರೆ ಸುರಿಯುವುದಕ್ಕಿಂತ ಬೇಯುವ ಹೊತ್ತನ್ನು ಕಡಿಮೆ ಮಾಡುವುದು ಒಳ್ಳೆಯದು. ಜೊತೆಗೆ ಒಂದು ಚಿಟಿಕೆ ಉಪ್ಪು ಹಾಕಿ. ಉಪ್ಪು ಹುಳಿಯ ಮೊನೆಯನ್ನು ಮೊಂಡಾಗಿಸುತ್ತದೆ. ಅಡುಗೆ ಸೋಡಾ ಹಾಕಿದರೆ ಹುಳಿ ಹೋಗುತ್ತದೆ ಎಂಬ ಸಲಹೆಯೂ ನಿಮ್ಮ ಕಿವಿಗೆ ಬೀಳಬಹುದು. ಹುಳಿ ಹೋಗುವುದು ನಿಜ, ಜೊತೆಗೆ ಹಣ್ಣಿನ ಜೀವವೂ ಹೋಗುತ್ತದೆ. ದಯವಿಟ್ಟು ಬೇಡ.

ಬಿಡಿಸುವುದು ಹೇಗೆಂದು ಹೇಳಿಬಿಡುತ್ತೇನೆ. ಹಣ್ಣಿನ ಮೈಮೇಲೆ ತೊಟ್ಟಿನಿಂದ ತುದಿಯವರೆಗೆ ಒಂದು ಗೆರೆ ಇದೆ. ಆ ಗೆರೆಯಗುಂಟ ಚಾಕುವನ್ನು ಗೊರಟು ತಾಗುವವರೆಗೆ ಇಳಿಸಿ, ಹಣ್ಣನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಎರಡು ಕೈಯಿಂದ ಎರಡು ಹೋಳನ್ನೂ ಎದುರುಬದುರಾಗಿ ತಿರುಚಿ. ಹಣ್ಣಾಗಿದ್ದರೆ ಗೊರಟು ಒಂದು ಕಡೆ ಸಲೀಸಾಗಿ ಬಿಡುತ್ತದೆ. ಸಿಪ್ಪೆ ಸುಲಿಯುವ ಅಗತ್ಯವಿಲ್ಲ. ಹೋಳು ಆಕಾರದಲ್ಲಿ ಉಳಿಯುವುದೇ ಸಿಪ್ಪೆಯಿಂದ.

ಈಗ ನನ್ನ ಅಚ್ಚುಮೆಚ್ಚಿನ ವಿಧಾನ. ಮಧ್ಯಮ ಹದದ ಆರು ಹಣ್ಣು, ಒಂದು ದೊಡ್ಡ ಚಮಚ ಬೆಣ್ಣೆ, ಒಂದು ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು. ಅಗಲವಾದ, ದಪ್ಪ ತಳದ ಬಾಣಲೆಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ. ಅಷ್ಟರಲ್ಲಿ ಹೋಳುಗಳ ಕತ್ತರಿಸಿದ ಮುಖವನ್ನು ಸಕ್ಕರೆಗೆ ಒತ್ತಿಕೊಳ್ಳಿ. ಬೆಣ್ಣೆ ಹಾಕಿದಾಗ ಮೊದಲು ನೊರೆ ಏಳುತ್ತದೆ. ನೊರೆ ತಗ್ಗುತ್ತಿದ್ದಂತೆ ಹೋಳುಗಳನ್ನು ಮುಖ ಕೆಳಗೆ ಮಾಡಿ ಒಂದೊಂದಾಗಿ ಇಡಿ. ಒಂದಕ್ಕೊಂದು ತಾಗಬಾರದು. ಇಲ್ಲಿಂದ ಮುಂದೆ ಕೈಯಾಡಿಸುವ ಆಸೆಯನ್ನು ತಡೆದುಕೊಳ್ಳಿ. ಎರಡು, ಎರಡೂವರೆ ನಿಮಿಷ ಸುಮ್ಮನೆ ನೋಡುತ್ತಿರಿ. ಮೊದಲ ನಿಮಿಷ ಚಟಪಟ ಸದ್ದು ಜೋರಾಗಿರುತ್ತದೆ, ಅದು ನೀರು ಹಾರುವ ಸದ್ದು. ಆಮೇಲೆ ಸದ್ದು ಇಳಿದು, ಹೋಳಿನ ಅಂಚಿನಲ್ಲಿ ಜೇನುಬಣ್ಣದ ಸಣ್ಣ ಗುಳ್ಳೆಗಳು ಕಾಣಿಸುತ್ತವೆ. ಸುಟ್ಟ ಸಕ್ಕರೆಯ ಮೊದಲ ವಾಸನೆ ಬಂದೊಡನೆ ಚಪ್ಪಟೆ ಸೌಟಿನಿಂದ ಮುಗುಚಿ. ಮುಖ ಹೊಳೆಯುವ ಕಂದುಬಣ್ಣಕ್ಕೆ ತಿರುಗಿರಬೇಕು. ಇನ್ನೊಂದು ನಿಮಿಷ ಬಿಟ್ಟು ಇಳಿಸಿ. ಬಾಣಲೆಗೆ ಮುಚ್ಚಳ ಮುಚ್ಚಬೇಡಿ. ಮುಚ್ಚಿದರೆ ಹಬೆ ಕಟ್ಟಿ ಹೋಳು ಕುಸಿಯುತ್ತದೆ. ಬಾಣಲೆಯಲ್ಲಿ ಉಳಿದ ಬೆಣ್ಣೆ-ಸಕ್ಕರೆಗೆ ಎರಡು ಚಮಚ ನೀರು ಹಾಕಿ ಒಮ್ಮೆ ಕುದಿಸಿದರೆ ಮೇಲೆ ಸುರಿಯಲು ಪಾಕವೂ ಸಿದ್ಧ.

ಕತ್ತರಿಸುವುದೂ ಸೇರಿ ಇಷ್ಟಕ್ಕೂ ಹತ್ತು ನಿಮಿಷ ಸಾಕು. ತಣ್ಣಗಿನ ಗಟ್ಟಿ ಮೊಸರಿನ ಮೇಲೆ, ಐಸ್‌ಕ್ರೀಮ್ ಮೇಲೆ, ಬೆಣ್ಣೆ ಹಚ್ಚಿ ಸುಟ್ಟ ಬ್ರೆಡ್ಡಿನ ಮೇಲೆ ಇಟ್ಟು ಬಿಸಿಯಾಗಿರುವಾಗಲೇ ತಿನ್ನಿ. ಪುಡಿ ಮಾಡಿದ ಏಲಕ್ಕಿ ಇಲ್ಲವೇ ತುಸು ಕರಿಮೆಣಸು ಕೊನೆಯಲ್ಲಿ ಉದುರಿಸಿದರೆ ರುಚಿ ಬೇರೆಯೇ ಮಟ್ಟಕ್ಕೆ ಏರುತ್ತದೆ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಂದು ಇನ್ನೊಂದನ್ನು ನುಂಗುತ್ತದೆ.

ಎರಡನೆಯದು ಪಾಕದಲ್ಲಿ ಬೇಯಿಸುವುದು. ನಿಮ್ಮ ಹಣ್ಣು ಗಂಜಿಯಾದದ್ದಕ್ಕೆ ವಿವರಣೆ ಇಲ್ಲಿದೆ. ಹಣ್ಣನ್ನು ಬರೀ ನೀರಿನಲ್ಲಿ ಬೇಯಿಸಿದರೆ ಅದರ ಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಸಡಿಲಗೊಂಡು ಹೋಳು ಕರಗುತ್ತದೆ. ಸಕ್ಕರೆ ಕರಗಿದ ಪಾಕದಲ್ಲಿ ಬೇಯಿಸಿದರೆ ಅದೇ ಹೋಳು ನೆಟ್ಟಗೆ ನಿಲ್ಲುತ್ತದೆ. ಅಂದರೆ ಹೋಳು ಹೋಳಾಗಿ ಬೇಕಿದ್ದರೆ ಸಕ್ಕರೆ ಮೊದಲು, ನುಣ್ಣಗಿನ ತಿರುಳು ಬೇಕಿದ್ದರೆ ಸಕ್ಕರೆ ಕೊನೆಗೆ. ಇದೊಂದನ್ನು ನೆನಪಿಟ್ಟುಕೊಂಡರೆ ಏಪ್ರಿಕಾಟ್ ಮಾತ್ರವಲ್ಲ, ಪ್ಲಮ್, ಪೀಚ್, ಸೇಬು ಯಾವುದನ್ನಾದರೂ ಅಳತೆ ಪಟ್ಟಿಯಿಲ್ಲದೆ ಬೇಯಿಸಬಹುದು.

ಅರ್ಧ ಕಿಲೋ ಹಣ್ಣಿಗೆ 150 ಗ್ರಾಂ ಸಕ್ಕರೆ, 300 ಮಿಲಿಲೀಟರ್ ನೀರು. ಸಕ್ಕರೆ ಪೂರ್ತಿ ಕರಗಿ ಕುದಿ ಬಂದ ಮೇಲೆ ಉರಿ ತಗ್ಗಿಸಿ ಹೋಳುಗಳನ್ನು ಜಾರಿಸಿ. ಪಾಕ ಕೊತಕೊತ ಕುದಿಯಬಾರದು, ಆಗೊಮ್ಮೆ ಈಗೊಮ್ಮೆ ಒಂದು ಗುಳ್ಳೆ ಬಂದರೆ ಸಾಕು. ಗಟ್ಟಿ ಹಣ್ಣಿಗೆ ಎಂಟು ನಿಮಿಷ, ಮಧ್ಯಮ ಹದದ್ದಕ್ಕೆ ನಾಲ್ಕೈದು. ಚಾಕುವಿನ ತುದಿ ತಡೆಯಿಲ್ಲದೆ ಇಳಿದರೆ ಆಯಿತು. ಇನ್ನೂ ತುಸು ಗಟ್ಟಿ ಎನಿಸುವಾಗಲೇ ಒಲೆ ಆರಿಸಿ, ಉಳಿದದ್ದನ್ನು ಪಾಕದ ಬಿಸಿಯೇ ಮುಗಿಸುತ್ತದೆ. ನಿಮ್ಮ ಕಲ್ಲಿನಂಥ ಹಣ್ಣುಗಳಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಶುಂಠಿಯ ಎರಡು ಬಿಲ್ಲೆ ಅಥವಾ ವೆನಿಲ್ಲಾದ ಒಂದು ತುಂಡನ್ನು ಪಾಕದಲ್ಲಿ ಮೊದಲೇ ಹಾಕಿಡಬಹುದು. ಪಾಕದ ಸಮೇತ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ, ಎರಡನೆಯ ದಿನಕ್ಕೆ ರುಚಿ ಇನ್ನೂ ಹೆಚ್ಚು.

ಇದೇ ಹಣ್ಣಿನ ಮೇಲೆ ಗರಿಗರಿಯಾದ ಒಂದು ಪದರ ಬೇಕಿದ್ದರೆ ಓವನ್ ಇಲ್ಲದೆಯೂ ಮಾಡಬಹುದು. ಒಂದು ಬಟ್ಟಲು ಓಟ್ಸ್, ಒಂದು ಹಿಡಿ ಜಜ್ಜಿದ ಬಾದಾಮಿ, ಎರಡು ಚಮಚ ಬೆಣ್ಣೆ, ಎರಡು ಚಮಚ ಸಕ್ಕರೆ ಇವನ್ನು ಸಣ್ಣ ಉರಿಯಲ್ಲಿ ಆರೇಳು ನಿಮಿಷ ಹುರಿಯಿರಿ. ಹೊಂಬಣ್ಣ ಬಂದ ಮೇಲೆ ತಟ್ಟೆಗೆ ಹರಡಿ ಆರಲು ಬಿಡಿ. ಆರಿದ ಮೇಲೆಯೇ ಗರಿಗರಿಯಾಗುವುದು. ಬಡಿಸುವಾಗ ಹಣ್ಣಿನ ಮೇಲೆ ಉದುರಿಸಿ. ಬಾದಾಮಿಗೂ ಏಪ್ರಿಕಾಟ್‌ಗೂ ಇಷ್ಟು ಚೆನ್ನಾಗಿ ಹೊಂದುವುದು ಆಕಸ್ಮಿಕವಲ್ಲ. ಎರಡೂ ಪ್ರೂನಸ್ ಎಂಬ ಒಂದೇ ಕುಲದ ಮರಗಳು, ಹತ್ತಿರದ ಬಂಧುಗಳು.

ಓವನ್ ಇದ್ದರಂತೂ ನಿಮ್ಮ ಕೈ ಬಿಡುವಾಗಿಯೇ ಇರುತ್ತದೆ. 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಟ್ಟೆಯಲ್ಲಿ ಹೋಳುಗಳನ್ನು ಮುಖ ಮೇಲೆ ಮಾಡಿ ಒತ್ತೊತ್ತಾಗಿ ಜೋಡಿಸಿ, ಗೊರಟು ಇದ್ದ ಗುಳಿಗೆ ಒಂದು ಸಾಸಿವೆ ಕಾಳಿನಷ್ಟು ಬೆಣ್ಣೆ, ಅರ್ಧ ಟೀ ಚಮಚ ಜೇನುತುಪ್ಪ ಹಾಕಿ. ಹದಿನೈದರಿಂದ ಇಪ್ಪತ್ತು ನಿಮಿಷದಲ್ಲಿ ಅಂಚು ಸುಕ್ಕಾಗಿ ಅಲ್ಲಲ್ಲಿ ಕಪ್ಪಾಗುತ್ತದೆ, ಪ್ರತಿ ಗುಳಿಯಲ್ಲೂ ಕಿತ್ತಳೆ ಬಣ್ಣದ ರಸ ಕೆರೆಯಂತೆ ನಿಂತಿರುತ್ತದೆ. ಆ ರಸ ಚೆಲ್ಲದಂತೆ ತಟ್ಟೆಯನ್ನು ಅಲುಗಾಡಿಸದೆ ತೆಗೆಯಿರಿ, ಐದು ನಿಮಿಷ ಮುಟ್ಟಬೇಡಿ. ತುಸು ಆರಿದಾಗ ರಸ ಮಂದವಾಗಿ ಹೋಳಿಗೇ ಅಂಟಿಕೊಳ್ಳುತ್ತದೆ. ಮೈಕ್ರೋವೇವ್‌ನಲ್ಲಿ ನಾಲ್ಕೈದು ಹೋಳಿಗೆ ಒಂದೂವರೆ ನಿಮಿಷ ಸಾಕು. ಕಂದುಬಣ್ಣ, ಸುಟ್ಟ ಸಕ್ಕರೆಯ ರುಚಿ ಅದರಲ್ಲಿ ಸಿಗುವುದಿಲ್ಲ. ಬೆಳಗಿನ ಓಟ್ಸ್ ಗಂಜಿಗೆ ಹಾಕಿಕೊಳ್ಳಲು ಮಾತ್ರ ಅಡ್ಡಿಯಿಲ್ಲ.

ಏಪ್ರಿಕಾಟ್ ಎಂದರೆ ಸಿಹಿ ತಿಂಡಿಗೇ ಮೀಸಲು ಎಂದುಕೊಳ್ಳಬೇಡಿ. ಅದರ ಹುಳಿಯನ್ನು ನಿಂಬೆ, ಟೊಮೆಟೊಗಳ ಹುಳಿಯಂತೆ ಬಳಸಿ ನೋಡಿ. ಒಂದು ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ, ತುರಿದ ಶುಂಠಿ, ಒಂದು ಒಣಮೆಣಸಿನಕಾಯಿ, ಉಪ್ಪು ಹಾಕಿ, ಮೆತ್ತಗಿನ ಆರೇಳು ಹಣ್ಣನ್ನು ಕೈಯಿಂದಲೇ ಹರಿದು ಹಾಕಿ. ಒಂದು ಚಮಚ ಸಕ್ಕರೆ, ಒಂದು ಚಮಚ ವಿನೆಗರ್ ಸೇರಿಸಿ ಹನ್ನೆರಡು ನಿಮಿಷ ಮಧ್ಯಮ ಉರಿಯಲ್ಲಿ ಕುದಿಸಿದರೆ ಸೌಟಿಗೆ ಅಂಟುವ ಖಾರ-ಹುಳಿಯ ಸಾಸ್ ಆಗುತ್ತದೆ. ಹುರಿದ ಪನೀರ್, ಬೇಯಿಸಿದ ಕಡಲೆಕಾಳು, ಕೋಳಿ, ಹುರಿದ ತರಕಾರಿ ಯಾವುದರ ಜೊತೆಗೂ ಒಪ್ಪುತ್ತದೆ. ಕೊನೆಯ ಮೂರು ನಿಮಿಷ ಒಲೆಯ ಪಕ್ಕದಿಂದ ಕದಲಬೇಡಿ. ಹಣ್ಣಿನ ತಿರುಳು ಮಂದವಾದಂತೆ ತಳ ಹಿಡಿಯುವುದು ಕ್ಷಣಮಾತ್ರದ ಕೆಲಸ.

ಒಲೆಯನ್ನೇ ಹಚ್ಚದ ದಿನಗಳಿಗೂ ದಾರಿಯಿದೆ. ಕಂಪು ತುಂಬಿದ, ಚೆನ್ನಾಗಿ ಹಣ್ಣಾದ ಏಪ್ರಿಕಾಟನ್ನು ಬೇಯಿಸುವುದು ನನಗಂತೂ ಹೊಟ್ಟೆ ಉರಿಸುವ ಸಂಗತಿ. ಅದನ್ನು ಹೋಳು ಮಾಡಿ, ಸೌತೆಕಾಯಿ, ಎಳೆಯಾಗಿ ಹೆಚ್ಚಿದ ಈರುಳ್ಳಿ, ಪುದೀನ, ಉಪ್ಪು, ಕರಿಮೆಣಸು, ಒಂದು ಚಮಚ ಆಲಿವ್ ಎಣ್ಣೆ, ಪುಡಿಯಾಗುವಂಥ ಉಪ್ಪುಪ್ಪಾದ ಚೀಸ್ ಸೇರಿಸಿ ಸಲಾಡ್ ಮಾಡಿ. ಕತ್ತರಿಸಿದ ಮುಖ ಗಾಳಿಗೆ ಕಪ್ಪಾಗುತ್ತದೆ. ಹೆಚ್ಚಿದೊಡನೆ ನಿಂಬೆರಸ ಸವರಿ. ತೀರಾ ಕಳಿತವುಗಳನ್ನು ಗೊರಟು ತೆಗೆದು, ಜೇನುತುಪ್ಪ ಮತ್ತು ನಾಲ್ಕು ಹನಿ ನಿಂಬೆರಸದೊಂದಿಗೆ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಮೊಸರಿಗೆ ಕಲಸಿಕೊಳ್ಳಿ. ಎರಡೇ ನಿಮಿಷ.

ಹಾಲಿನ ವಿಷಯದಲ್ಲಿ ಎಚ್ಚರ. ಬಿಸಿ ಹಾಲಿಗೆ ಏಪ್ರಿಕಾಟ್ ತಿರುಳು ಬಿದ್ದರೆ ಹುಳಿಗೆ ಹಾಲು ಒಡೆಯುತ್ತದೆ. ಎರಡೂ ಪೂರ್ತಿ ತಣ್ಣಗಾದ ಮೇಲೆ ಬೆರೆಸಿ, ಬೆರೆಸಿದ್ದನ್ನು ಮತ್ತೆ ಬಿಸಿ ಮಾಡಬೇಡಿ. ದಪ್ಪ ಕೆನೆಯಲ್ಲಿ ಕೊಬ್ಬು ಹೆಚ್ಚಾಗಿರುವುದರಿಂದ ಅದು ಅಷ್ಟು ಬೇಗ ಒಡೆಯುವುದಿಲ್ಲ. ಬಿಸಿ ಸಾಸ್ ಮಾಡಬೇಕಿದ್ದರೆ ಅದನ್ನೇ ಬಳಸಿ. ಪಾತ್ರೆಯ ಆಯ್ಕೆಯೂ ಮುಖ್ಯ. ಒಮ್ಮೆ ಅವಸರದಲ್ಲಿ ಅಲ್ಯೂಮಿನಿಯಂ ಪಾತ್ರೆಯಲ್ಲಿ ಏಪ್ರಿಕಾಟ್ ಕುದಿಸಿದ್ದೆ. ಬಣ್ಣ ಮಂಕಾಗಿತ್ತು, ಬಾಯಲ್ಲಿಟ್ಟರೆ ನಾಣ್ಯ ಚೀಪಿದ ರುಚಿ. ಇಡೀ ಪಾತ್ರೆ ಚೆಲ್ಲಬೇಕಾಯಿತು. ಹುಳಿ ಹಣ್ಣಿಗೆ ಸ್ಟೀಲ್ ಅಥವಾ ನಾನ್‌ಸ್ಟಿಕ್ ಪಾತ್ರೆಯೇ ಸರಿ.

ಜ್ಯಾಮ್ ಎಂದರೆ ಇಡೀ ಮಧ್ಯಾಹ್ನದ ಕೆಲಸ ಎಂಬ ಹೆದರಿಕೆ ಬೇಡ, ಅರ್ಧ ಕಿಲೋದಷ್ಟೇ ಮಾಡಿದರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಗುಟ್ಟು ಪಾತ್ರೆಯ ಅಗಲದಲ್ಲಿದೆ: ಅಗಲವಾದಷ್ಟೂ ನೀರು ಬೇಗ ಹಾರುತ್ತದೆ, ಬಣ್ಣ ಮತ್ತು ಪರಿಮಳ ಉಳಿಯುತ್ತವೆ. ಮೆತ್ತಗಿನ ಹಣ್ಣಿನ ಜೊತೆ ಎರಡು ಮೂರು ದೋರೆಗಾಯಿಗಳನ್ನೂ ಹಾಕಿ. ಜ್ಯಾಮ್ ಗಟ್ಟಿಯಾಗಲು ಬೇಕಾದ ಪೆಕ್ಟಿನ್ ಅವುಗಳಲ್ಲಿ ಹೆಚ್ಚು. ಅರ್ಧ ಕಿಲೋ ಹೆಚ್ಚಿದ ಹಣ್ಣಿಗೆ 300 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ನಿಂಬೆರಸ. ಮೊದಲು ಹಣ್ಣೊಂದನ್ನೇ ಎರಡು ಚಮಚ ನೀರಿನಲ್ಲಿ ಐದು ನಿಮಿಷ ಮೆತ್ತಗಾಗಿಸಿ, ಆಮೇಲೆ ಸಕ್ಕರೆ ಮತ್ತು ನಿಂಬೆರಸ ಹಾಕಿ ಜೋರು ಉರಿಯಲ್ಲಿ ಕೈಯಾಡಿಸುತ್ತಾ ಹತ್ತು ಹನ್ನೆರಡು ನಿಮಿಷ ಕುದಿಸಿ. ಥರ್ಮಾಮೀಟರ್ ಇದ್ದರೆ 104–105 ಡಿಗ್ರಿ ನೋಡಿ. ಇಲ್ಲದಿದ್ದರೆ ಫ್ರೀಜರ್‌ನಲ್ಲಿಟ್ಟ ತಟ್ಟೆಗೆ ಒಂದು ಹನಿ ಬಿಟ್ಟು, ಅರ್ಧ ನಿಮಿಷದ ನಂತರ ಬೆರಳಿನಿಂದ ತಳ್ಳಿ. ಮೇಲ್ಮೈ ಸುಕ್ಕುಗಟ್ಟಿದರೆ ಇಳಿಸಿ. ಸಕ್ಕರೆ ಕಡಿಮೆಯಿರುವುದರಿಂದ ಇದನ್ನು ಹೊರಗಿಡಬಾರದು. ಫ್ರಿಜ್ಜಿನಲ್ಲಿಟ್ಟು ಎರಡು ವಾರದೊಳಗೆ ಮುಗಿಸಿ.

ಕೇಕ್ ಮಾಡುವ ಮನಸ್ಸಿದ್ದರೆ ನಿಮಗೆ ಗೊತ್ತಿರುವ ಯಾವುದೇ ಸಾದಾ ಕೇಕಿನ ಹಿಟ್ಟಿನ ಮೇಲೆ ಹೋಳುಗಳನ್ನು ಮುಖ ಮೇಲೆ ಮಾಡಿ ಇಟ್ಟು ಬೇಯಿಸಿ. ಹೋಳುಗಳ ಅಡಿಯಲ್ಲಿ ಒಂದು ಚಮಚ ಬಾದಾಮಿ ಪುಡಿ ಉದುರಿಸಿದರೆ ರಸವನ್ನು ಅದು ಹೀರಿಕೊಳ್ಳುತ್ತದೆ, ಕೇಕು ಹಸಿಹಸಿಯಾಗುವುದಿಲ್ಲ. ಒಂದು ಮಾತು: ಒಣ ಏಪ್ರಿಕಾಟ್ ಬಳಸಿ ಬರೆದ ಪಾಕವಿಧಾನಗಳಲ್ಲಿ ಅದೇ ತೂಕದ ತಾಜಾ ಹಣ್ಣನ್ನು ಹಾಕಬೇಡಿ. ಅಷ್ಟೊಂದು ನೀರು ಸೇರಿ ಎಲ್ಲ ಲೆಕ್ಕವೂ ತಪ್ಪುತ್ತದೆ.

ಇನ್ನು ಗೊರಟಿನೊಳಗಿನ ಬೀಜ. ಇದಕ್ಕೆ ನನ್ನ ಉತ್ತರ ಸ್ಪಷ್ಟ: ಬೇಡ. ನೋಡಲು ಬಾದಾಮಿಯಂತಿದೆ, ವಾಸನೆಯೂ ಹಾಗೆಯೇ. ಆದರೆ ಅದರಲ್ಲಿರುವ ಅಮಿಗ್ಡಾಲಿನ್ ಎಂಬ ವಸ್ತು ಅಗಿದಾಗ ಮತ್ತು ಹೊಟ್ಟೆಯೊಳಗೆ ಸಯನೈಡ್ ಬಿಡುಗಡೆ ಮಾಡುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ವಯಸ್ಕರು ಒಮ್ಮೆಗೆ ಮೂರಕ್ಕಿಂತ ಹೆಚ್ಚು ಸಣ್ಣ ಹಸಿ ಬೀಜ ತಿಂದರೂ ಸುರಕ್ಷಿತ ಮಿತಿ ಮೀರಬಹುದು, ಪುಟ್ಟ ಮಕ್ಕಳಿಗೆ ಒಂದೇ ಸಣ್ಣ ಬೀಜವೂ ಮಿತಿ ಮೀರಿಸಬಹುದು ಎಂಬುದು ಅದರ ಅಂದಾಜು. ಸಿಹಿ ಬೀಜದ ತಳಿಗಳೂ ಇವೆ, ಆದರೆ ನಿಮ್ಮ ಕೈಯಲ್ಲಿರುವ ಗೊರಟು ಯಾವ ತಳಿಯದ್ದೆಂದು ಹೊರಗಿನಿಂದ ತಿಳಿಯದು. ಮನೆಯಲ್ಲಿ ಮಕ್ಕಳಿದ್ದರೆ ಒಡೆದ ಗೊರಟುಗಳನ್ನು ಮೇಜಿನ ಮೇಲೆ ಬಿಡಬೇಡಿ. ಆ ಪರಿಮಳ ಬೇಕೆನಿಸಿದರೆ ಅಂಗಡಿಯ ಸಿಹಿ ಬಾದಾಮಿ ಬಳಸಿ.

ಒಂದೂವರೆ ಕಿಲೋ ಒಂದೇ ವಾರದಲ್ಲಿ ಮುಗಿಯದಿದ್ದರೆ ಉಳಿದದ್ದನ್ನು ಫ್ರೀಜರ್‌ಗೆ ಸೇರಿಸಿ. ದೋರೆಗಾಯಿಗಳನ್ನು ಹಾಗೆಯೇ ಫ್ರಿಜ್ಜಿಗೆ ತುಂಬಬೇಡಿ, ಆ ಚಳಿಗೆ ತಿರುಳು ಹಿಟ್ಟುಹಿಟ್ಟಾಗುವ ಸಾಧ್ಯತೆ ಹೆಚ್ಚು. ಮೆತ್ತಗಾಗುವವರೆಗೆ ಹೊರಗೇ ಇರಲಿ. ಹೋಳುಗಳಿಗೆ ನಿಂಬೆರಸ ಸವರಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ, ಕಲ್ಲಾದ ಮೇಲೆ ಚೀಲಕ್ಕೆ ತುಂಬಿ ಗಾಳಿ ಹೊರಡಿಸಿ ಕಟ್ಟಿಡಿ. ಹೀಗೆ ಮಾಡಿದರೆ ಬೇಕೆಂದಾಗ ನಾಲ್ಕೇ ಹೋಳು ತೆಗೆಯಬಹುದು. ಕರಗಿದರೆ ನೀರು ಬಿಟ್ಟು ಸೊರಗುತ್ತವೆ, ಆದ್ದರಿಂದ ಫ್ರೀಜರ್‌ನಿಂದ ತೆಗೆದವನ್ನು ಕರಗಲು ಬಿಡದೆ ನೇರವಾಗಿ ಕುದಿಯುವ ಪಾಕಕ್ಕೋ ಸಾಸಿಗೋ ಹಾಕಿ. ಬೇಯಲು ಮೂರು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.